ಯೂನಿಯನ್ ಪಟ್ಟಿಗೆ ಹೆಸರು ಕೊಡಲಾ, ಕಂಟ್ರಾಕ್ಟರ್ ಕೊಡುವ 1,500 ತಗೊಳ್ಳಲಾ?

ಸೇಡಂ ಫಿಟ್ಟರ್ (ಮಂಗಳವಾರ, ರಾತ್ರಿ 9:40)

ಎಲ್ಲರಿಗೂ ಶರಣು. ಸೇಡಂ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಐದು ವರ್ಷದಿಂದ ಫಿಟ್ಟರ್ ಕೆಲಸ ಮಾಡುತ್ತಿದ್ದೇನೆ. ಐಟಿಐ ಮುಗಿಸಿದ್ದು ಕಲಬುರಗಿಯಲ್ಲಿ. ಕಾರ್ಖಾನೆಯ ನೌಕರ ಅಲ್ಲ, ಕಂಟ್ರಾಕ್ಟರ್ ಕಡೆಯವನು. ಗೇಟ್ ಪಾಸಿನ ಬಣ್ಣ ಬೇರೆ. ಪಗಾರ ಅಂತೂ ಕೇಳಲೇಬೇಡಿ. ಪಕ್ಕದಲ್ಲಿ ಅದೇ ಪಾನಾ ಹಿಡಿದು ಕೆಲಸ ಮಾಡುವ ಪರ್ಮನೆಂಟ್ ಫಿಟ್ಟರ್‌ಗೆ ನನ್ನ ಎರಡರಷ್ಟಕ್ಕಿಂತ ಜಾಸ್ತಿ ಬರುತ್ತದೆ.

ವಿಷಯ ಏನಂದರೆ, ನಮ್ಮ ಕಂಟ್ರಾಕ್ಟ್ ಹುಡುಗರು ಸಂಘ ಕಟ್ಟಬೇಕು ಅಂತ ಹೆಸರಿನ ಪಟ್ಟಿ ಮಾಡುತ್ತಿದ್ದಾರೆ. 60ರಷ್ಟು ಹೆಸರು ಬಂದಿವೆ. ಮೊನ್ನೆ ಕಂಟ್ರಾಕ್ಟರ್ ನನ್ನನ್ನು ಆಫೀಸಿಗೆ ಕರೆದರು. ಕೂರಿಸಿ ಚಹಾ ತರಿಸಿದರು. ಐದು ವರ್ಷದಲ್ಲಿ ಇದೇ ಮೊದಲು. "ನೀನು ಕೈಗುಣ ಇರುವ ಹುಡುಗ. ಮುಂದಿನ ತಿಂಗಳಿಂದ 1,500 ಜಾಸ್ತಿ ಹಾಕ್ತೀನಿ. ಎರಡು ವರ್ಷದಲ್ಲಿ ಸೂಪರ್‌ವೈಸರ್ ಮಾಡ್ತೀನಿ. ಆ ಪಟ್ಟಿ ಕಡೆ ಮಾತ್ರ ಹೋಗಬೇಡ" ಅಂದರು.

ನಿಜ ಹೇಳಬೇಕಂದರೆ ನನಗೆ ಆಸೆ ಆಗಿದೆ. ತಂಗಿ ಮದುವೆಯ ಸಾಲ ಇನ್ನೂ ಇದೆ. ಡಯಲ್ ಗೇಜ್ ಹಚ್ಚಿ ಮಷೀನಿನ ಶಾಫ್ಟ್ ನೇರಕ್ಕೆ ಕೂರಿಸಲು (ಅಲೈನ್‌ಮೆಂಟ್) ನಮ್ಮ ಗ್ಯಾಂಗ್‌ನಲ್ಲಿ ನನ್ನ ಬಿಟ್ಟರೆ ಇನ್ನೊಬ್ಬನಿಗೆ ಬರುವುದಿಲ್ಲ. ದಿನಾ ತಡವಾಗಿ ಬರುವವನಿಗೂ ನನಗೂ ಒಂದೇ ರೇಟು ಕೇಳುವ ಸಂಘಕ್ಕೆ ನಾನು ಯಾಕೆ ಹೋಗಬೇಕು? ಪರ್ಮನೆಂಟ್ ನೌಕರರಿಗೆ ಯೂನಿಯನ್ ಇದೆ. ಅವರ ಒಪ್ಪಂದ ಆದ ದಿನ ಪೇಢೆ ಹಂಚಿದರು. ನಮಗೆ ಸಿಕ್ಕಿದ್ದು ಆ ಪೇಢೆ ಮಾತ್ರ. ಒಬ್ಬ ಕೆಲಸಗಾರನಿಗೆ ಯೂನಿಯನ್‌ನಿಂದ ನಿಜವಾಗಿ ಏನು ಸಿಗುತ್ತದೆ? ಭಾಷಣ ಬೇಡ, ನೋಡಿದ್ದು ಹೇಳಿ.

ದಾಲ್ ಮಿಲ್ ಸಾವಕಾರ (ರಾತ್ರಿ 10:05)

ತಗೊಳ್ಳಿ. ಇದರಲ್ಲಿ ಕೇಳೋದೇನಿದೆ? ನನ್ನ ಮಿಲ್‌ನಲ್ಲಿ ಸಾರ್ಟೆಕ್ಸ್ ಮಷೀನ್ ನಡೆಸುವ ಹುಡುಗ ಇದ್ದಾನೆ. ಬೇಳೆಯಲ್ಲಿ ಕಪ್ಪು ಕಾಳು ಒಂದೂ ಉಳಿಯದ ಹಾಗೆ ಸೆಟ್ಟಿಂಗ್ ಮಾಡುತ್ತಾನೆ. ಅವನಿಗೆ ಉಳಿದವರ ಎರಡರಷ್ಟು ಕೊಡುತ್ತೇನೆ. ಯಾವ ಯೂನಿಯನ್ ಬಂದು ಕೊಡಿಸಿತು? ಪಕ್ಕದ ಮಿಲ್‌ನವರು ಕರೆದಿದ್ದರು, ಅದಕ್ಕೇ ಕೊಟ್ಟೆ. ಕೈಯಲ್ಲಿ ಕೆಲಸ ಇದ್ದರೆ ಮಾಲೀಕನೇ ಹಿಂದೆ ಬರುತ್ತಾನೆ.

ಮತ್ತೆ ಯೂನಿಯನ್ ಏನು ಮಾಡುತ್ತದೆ ಅಂತ ನೋಡಬೇಕಂದರೆ ದೂರ ಹೋಗಬೇಡಿ. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ಎಲ್ಲಿದೆ ಈಗ? ಹೆಸರು ರಸ್ತೆಗೆ ಉಳಿದಿದೆ.

ಗಂಜ್ ಮುನೀಮ (ರಾತ್ರಿ 10:50)

ಸಾವಕಾರರೇ, ನಿಮ್ಮ ಮಾತು ಅರ್ಧ ಸರಿ. ಸಾರ್ಟೆಕ್ಸ್ ಆಪರೇಟರ್ ಊರಲ್ಲಿ ಎಷ್ಟು ಜನ ಇದ್ದಾರೆ, ಫಿಟ್ಟರ್ ಎಷ್ಟು ಜನ ಇದ್ದಾರೆ ಅಂತ ಎಣಿಸಿ ನೋಡಿ. ಐಟಿಐಯಿಂದ ವರ್ಷಾ ವರ್ಷಾ ಹೊರಬರುತ್ತಾರೆ. ಈ ತಮ್ಮ ಇಂದು ಒಬ್ಬನೇ ಇದ್ದಾನೆ, ಆರು ತಿಂಗಳಲ್ಲಿ ಇನ್ನೊಬ್ಬನಿಗೆ ಕಲಿಸಿಬಿಡುತ್ತಾರೆ. ಕಲಿಸಲು ಇವನಿಗೇ ಹೇಳುತ್ತಾರೆ, ನೋಡ್ತಾ ಇರಿ.

ನಾನು ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅಡತ್ (ದಲಾಲಿ) ಅಂಗಡಿ ಲೆಕ್ಕ ಬರೆಯುವವನು. 22 ವರ್ಷ ಆಯಿತು. ಯೂನಿಯನ್ ಅಂದರೆ ನನಗೆ ಗೊತ್ತಿರುವುದು ಹಮಾಲರದ್ದು. ಗಾಡಿಯಿಂದ ಚೀಲ ಇಳಿಸುವುದಕ್ಕೆ ಒಂದು ರೇಟು. ಸುರಿದು ರಾಶಿ ಮಾಡುವುದಕ್ಕೆ ಒಂದು. ತುಂಬುವುದು, ತೂಕಕ್ಕೆ ಹಾಕುವುದು, ಬಾಯಿ ಹೊಲಿಯುವುದು, ಲಾರಿಗೆ ಏರಿಸುವುದು, ಒಂದೊಂದಕ್ಕೂ ಬೇರೆ ಬೇರೆ. ಈ ರೇಟು ಯಾವ ಹಮಾಲನೂ ಒಬ್ಬನೇ ಕೂತು ಮಾತಾಡಿ ಮಾಡಿದ್ದಲ್ಲ. ವ್ಯಾಪಾರಿಗಳು ಒಂದು ಕಡೆ, ಹಮಾಲರ ಸಂಘ ಒಂದು ಕಡೆ, ಎಪಿಎಂಸಿ ನಡುವೆ. ತೊಗರಿ ಸೀಜನ್ ಶುರುವಾಗುವ ಹೊತ್ತಿಗೆ ಜಗ್ಗಾಟ. ಡಿಸೆಂಬರ್‌ನಲ್ಲಿ ಅಂಗಳ ತುಂಬಿ ರಸ್ತೆವರೆಗೆ ಗಾಡಿ ನಿಂತಾಗ ನಾಲ್ಕು ದಿನ ಹಮಾಲರು ಕೂತುಬಿಟ್ಟರೆ ಯಾವ ವ್ಯಾಪಾರಿಯೂ ತಾಳುವುದಿಲ್ಲ. ಅದೇ ಹಮಾಲರು ಜೂನ್‌ನಲ್ಲಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಇದು ಅವರಿಗೂ ಗೊತ್ತು, ನಮಗೂ ಗೊತ್ತು.

ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ಇದ್ದ, ಎತ್ತಿನಂಥ ಆಳು. ಇಬ್ಬರ ಕೆಲಸ ಒಬ್ಬನೇ ಎಳೆಯುತ್ತಿದ್ದ. ಟೋಳಿಯಲ್ಲಿ, ಅಂದರೆ ಹಮಾಲರ ಗುಂಪಿನಲ್ಲಿ, ಸಂಜೆ ಬಂದ ದುಡ್ಡು ಸಮ ಹಂಚಿಕೆ. ಇವನಿಗೆ ಸಿಟ್ಟು. ನಿಮ್ಮ ಪ್ರಶ್ನೆಯನ್ನೇ ಅವನೂ ಕೇಳುತ್ತಿದ್ದ ತಮ್ಮಾ, "ಮುದುಕರಿಗೂ ನನಗೂ ಒಂದೇ ಪಾಲು ಯಾಕೆ?" ಅಂತ. ಟೋಳಿ ಬಿಟ್ಟು ಒಂಟಿಯಾಗಿ ನಿಂತ. ನಮ್ಮ ಅಂಗಡಿ ಸೇರಿ ಮೂರ್ನಾಲ್ಕು ಅಂಗಡಿಯವರು ಚೀಲಕ್ಕೆ ಒಂದು ರೂಪಾಯಿ ಜಾಸ್ತಿ ಕೊಟ್ಟೇ ಕರೆದೆವು. ಆ ಸೀಜನ್ ಚೆನ್ನಾಗಿ ದುಡಿದ, ಸುಳ್ಳು ಹೇಳಬಾರದು. ಮೋಟಾರ್‌ಸೈಕಲ್ ತಗೊಂಡ. ಮಾರ್ಚ್ ಕಳೆದು ಮಾಲು ಕಡಿಮೆಯಾದಾಗ ಅವನಿಗೆ ಆ ಒಂದು ರೂಪಾಯಿ ಯಾರೂ ಕೊಡಲಿಲ್ಲ. ಸಂಘದ ರೇಟೂ ಕೊಡಲಿಲ್ಲ, ಎಂಟಾಣೆ ಕಡಿಮೆ ಹೇಳಿದರು. ಸಂಘದವನಲ್ಲ, ಕೇಳುವವರು ಯಾರು? ಕಡಿಮೆ ಬರೆದವರಲ್ಲಿ ನಾನೂ ಒಬ್ಬ. ಲೆಕ್ಕ ನನ್ನ ಕೈಯಲ್ಲೇ ಇತ್ತು.

ಮುಂದಿನ ವರ್ಷ ಸೊಂಟ ಹಿಡಿಯಿತು. ಟೋಳಿಯಲ್ಲಿ ಇದ್ದವರಿಗೆ ಮೈಗೆ ಹುಷಾರಿಲ್ಲದಿದ್ದರೆ ಅರ್ಧ ಪಾಲು ಮನೆಗೆ ಹೋಗುತ್ತದೆ. ಇವನಿಗೆ ಹೋಗಲಿಲ್ಲ. ಕೊನೆಗೆ ಟೋಳಿಯ ಮುಖ್ಯಸ್ಥ ಮುಕಾದಮನ ಮನೆಗೆ ಹೋಗಿ ಮಾತಾಡಿ ವಾಪಸ್ ಸೇರಿದ. ಹದಿನೈದು ದಿನ ಬೈದರು, ಆಮೇಲೆ ಸೇರಿಸಿಕೊಂಡರು.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹಮಾಲಿ ಬಿಲ್ಲೆ ಅಪ್ಪನಿಂದ ಮಗನಿಗೆ ಹೋಗುವುದನ್ನು ನೋಡಿದ್ದೇನೆ. ತಾಂಡಾದಿಂದ ಬಂದ ಒಬ್ಬ ಬಡ ಹುಡುಗನನ್ನು ಎರಡು ಸೀಜನ್ ಯಾವ ಟೋಳಿಯೂ ಒಳಗೆ ಬಿಡಲಿಲ್ಲ. ಒಳಗಿದ್ದವರಿಗೆ ಸಂಘ ನೆರಳು. ಹೊರಗಿದ್ದವನಿಗೆ ಅದೂ ಒಂದು ಗೋಡೆಯೇ.

ಮಿಲ್ ಚಾಳಿನವ (ರಾತ್ರಿ 11:20)

ಸಾವಕಾರರ ಎಂಎಸ್‌ಕೆ ಮಿಲ್ ಮಾತಿಗೆ. ನನ್ನ ಅಪ್ಪ ಅಲ್ಲಿ ನೂಲಿನ ಖಾತೆಯಲ್ಲಿ ಇದ್ದರು. ಯೂನಿಯನ್ ಇದ್ದದ್ದಕ್ಕೇ ಮುಚ್ಚಿತು ಅನ್ನುವುದಾದರೆ, ಯೂನಿಯನ್ನೇ ಇಲ್ಲದ ದಾಲ್ ಮಿಲ್‌ಗಳು ಯಾಕೆ ಒಂದೊಂದೇ ಬಾಗಿಲು ಹಾಕುತ್ತಿವೆ? ದೇಶದ ತುಂಬ ಹಳೆಯ ಬಟ್ಟೆ ಗಿರಣಿಗಳು ಮಲಗಿದವು. ಪವರ್‌ಲೂಮ್ ಬಂತು, ಮಷೀನು ಹಳತಾದವು, ಹೊಸದಕ್ಕೆ ಯಾರೂ ದುಡ್ಡು ಹಾಕಲಿಲ್ಲ.

ಆ ಯೂನಿಯನ್ ಸಣ್ಣದೇನೂ ಆಗಿರಲಿಲ್ಲ. ಮಲ್ಲಿಕಾರ್ಜುನ ಖರ್ಗೆಯವರು 1969ರಲ್ಲಿ ಎಂಎಸ್‌ಕೆ ಮಿಲ್ ನೌಕರರ ಯೂನಿಯನ್‌ಗೆ ಕಾನೂನು ಸಲಹೆಗಾರರಾಗಿದ್ದವರು. ಮುಂದೆ ಕೇಂದ್ರದ ಕಾರ್ಮಿಕ ಮಂತ್ರಿ ಆದರು. ಆಗ ಸೇಡಂ ರಸ್ತೆಗೆ ಬಂದ ಇಎಸ್‌ಐ (ಕಾರ್ಮಿಕರ ವಿಮೆ) ಆಸ್ಪತ್ರೆ ಎಲ್ಲರಿಗೂ ಗೊತ್ತೇ ಇದೆ. ರಾಜಕೀಯ ಬಿಡಿ, ನಾನು ಹೇಳುತ್ತಿರುವುದು ಇಷ್ಟೇ: ನಮ್ಮ ಚಾಳಿನಲ್ಲಿ ನಾಲ್ಕು ಮಕ್ಕಳು ಡಿಗ್ರಿ ಮಾಡಿದ್ದು ಆ ಪಗಾರದ ಮೇಲೆ. ಬೋನಸ್ ಬಂದ ತಿಂಗಳು ಫೀಸು ಕಟ್ಟುತ್ತಿದ್ದರು.

ಕೊನೆಕೊನೆಗೆ ಯೂನಿಯನ್‌ನವರು ತಮ್ಮೊಳಗೇ ಜಗಳ ಆಡುತ್ತಿದ್ದರು ಅನ್ನುವುದೂ ನಿಜ. ಅಪ್ಪ ಮನೆಗೆ ಬಂದು ಬೈಯುತ್ತಿದ್ದರು.

ಆಶಾ ಅಕ್ಕ (ಬುಧವಾರ, ಬೆಳಿಗ್ಗೆ 6:15)

ಫೀಲ್ಡಿಗೆ ಹೋಗುವ ಮೊದಲು ಎರಡು ಮಾತು. ನಾವು ಆಶಾ ಕಾರ್ಯಕರ್ತೆಯರು. ನಮಗೆ ಪಗಾರ ಅಂತ ಇಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು. ಪೋರ್ಟಲ್‌ನಲ್ಲಿ ಎಂಟ್ರಿ ಬೀಳದಿದ್ದರೆ ಮಾಡಿದ ಕೆಲಸ ಮಾಡದ ಹಾಗೆ. ನಾನು ಒಬ್ಬಳೇ ಇದನ್ನು ಕೇಳಲು ಹೋದಾಗ "ಮ್ಯಾಲಿನವರನ್ನ ಕೇಳ್ರಿ" ಅಂತ ಉತ್ತರ. ಮ್ಯಾಲಿನವರು ಯಾರು ಅಂತ ಕೇಳಿದರೆ ಅದಕ್ಕೂ ಅದೇ ಉತ್ತರ.

2025ರ ಜನವರಿ 7ಕ್ಕೆ ಬೆಂಗಳೂರು ಫ್ರೀಡಂ ಪಾರ್ಕ್‌ನಲ್ಲಿ ಕೂತೆವು. ಇಲ್ಲಿಂದ ಜನರಲ್ ಬೋಗಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಬೆಂಗಳೂರಿನ ಆ ಚಳಿ ನಮಗೆಲ್ಲಿ ರೂಢಿ? ರಾತ್ರಿಯೂ ಅಲ್ಲೇ. ನಾಲ್ಕನೇ ದಿನ ಮುಖ್ಯಮಂತ್ರಿಗಳು ಕರೆದು ಮಾತಾಡಿದರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಅಂತ ಒಪ್ಪಿದರು. ಆ ಮಾತಿನ ಬೆನ್ನು ಹತ್ತಿ ಆಮೇಲೆಯೂ ಓಡಾಡಿದ್ದೇವೆ, ಅದು ಬೇರೆ ಕಥೆ.

ಪಕ್ಕದ ಊರಿನ ಅಕ್ಕ ಬಂದಿರಲಿಲ್ಲ. ಬಂದವರಿಗೆ ಎಷ್ಟೋ ಅವಳಿಗೂ ಅಷ್ಟೇ. ಮೊದಲು ನನಗೆ ಹೊಟ್ಟೆ ಉರಿಯಿತು. ಆದರೆ ಅವಳ ಗಂಡ ಹಾಸಿಗೆ ಹಿಡಿದಿದ್ದ, ಬಿಟ್ಟು ಹೇಗೆ ಬರುತ್ತಾಳೆ? ತಮ್ಮಾ, ನಿನ್ನ ಗ್ಯಾಂಗ್‌ನಲ್ಲಿ ತಡವಾಗಿ ಬರುವವನು ಯಾಕೆ ತಡವಾಗಿ ಬರುತ್ತಾನೆ ಅಂತ ಒಮ್ಮೆ ಕೇಳಿದ್ದೀಯಾ? ಸುಮ್ನೆ ಕೇಳಿದೆ.

ಬಸ್ ಸ್ಟ್ಯಾಂಡ್ ಚಹಾ (ಬೆಳಿಗ್ಗೆ 11:30)

ನಷ್ಟ ಆದವರ ಲೆಕ್ಕವನ್ನೂ ಯಾರಾದರೂ ಹೇಳಬೇಕಲ್ವಾ. 2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರ ನಡೆಯಿತು. ಆರನೇ ವೇತನ ಆಯೋಗದ ಪ್ರಕಾರ ಪಗಾರ ಬೇಕು ಅಂತ. ಹಳೆಯ ಯೂನಿಯನ್‌ಗಳಲ್ಲ, ನೌಕರರ ಕೂಟ ಮುಂದೆ ನಿಂತಿತ್ತು, ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್ ಅವರ ಜೊತೆ. ಎರಡು ವಾರ ಆದ ಮೇಲೆ ಹೈಕೋರ್ಟ್ ಮಾತಿಗೆ ಬಸ್ ಹೊರಟವು. ಕೇಳಿದ್ದು ಸಿಗಲಿಲ್ಲ. ರಾಜ್ಯದ ತುಂಬ ಎಷ್ಟೋ ಜನ ವಜಾ ಆದರು, ಅಮಾನತಾದರು, ದೂರದ ಡಿಪೋಗೆ ವರ್ಗ ಆದರು. ಮುಂದೆ ಬಹಳ ಮಂದಿಯನ್ನು ವಾಪಸ್ ತಗೊಂಡರು. 2023ರ ಮಾರ್ಚ್‌ನಲ್ಲಿ 15% ಹೆಚ್ಚಳ ಆಯಿತು. ಅದು ನೌಕರಿಯಲ್ಲಿ ಉಳಿದವರಿಗೆ.

ನನ್ನದು ಬಸ್ ನಿಲ್ದಾಣದ ಎದುರು ಚಹಾ ಅಂಗಡಿ. ಆ ಎರಡು ವಾರ ಹಾಲು ಕೆಟ್ಟಿತು. ಒಬ್ಬ ಕಂಡಕ್ಟರ್ ಅಣ್ಣನ ಉದ್ರಿ ಇನ್ನೂ ವಹಿಯಲ್ಲಿ ಇದೆ, ಎಲ್ಲಿದ್ದಾನೋ. ಮುಂದೆ ನಿಂತವನಿಗೆ ಪೆಟ್ಟು ಮೊದಲು. ಇದನ್ನು ಯೂನಿಯನ್‌ನವರು ಪಟ್ಟಿ ಬರೆಸುವಾಗ ಹೇಳುವುದಿಲ್ಲ.

ಪಾರ್ಸಲ್ ಹುಡುಗ (ಮಧ್ಯಾಹ್ನ 1:10)

ನಿಮಗೆಲ್ಲ ಬೈಯಲು ಕಂಟ್ರಾಕ್ಟರ್ ಆದರೂ ಇದ್ದಾನೆ. ನಾನು ಊಟ ಡೆಲಿವರಿ ಮಾಡುತ್ತೇನೆ. ರೇಟು ಕಡಿಮೆ ಆದದ್ದು ಮೊಬೈಲ್ ತೆಗೆದು ನೋಡಿದಾಗಲೇ ಗೊತ್ತಾಗೋದು. 2025ರಲ್ಲಿ ರಾಜ್ಯದಲ್ಲಿ ನಮ್ಮಂಥ ಆ್ಯಪ್ ಮೇಲೆ ದುಡಿಯುವ ಗಿಗ್ ಕೆಲಸಗಾರರಿಗೆ ಅಂತಲೇ ಕಾನೂನು ಬಂದಿದೆ. ಜಗತ್ ಸರ್ಕಲ್‌ನಲ್ಲಿ ನಿಂತಾಗ ಅದರ ಸುದ್ದಿ ಹೇಳಿದರೆ ಹುಡುಗರು ನಗುತ್ತಾರೆ. ಆರ್ಡರ್ ಬಂತು, ಹೋಗ್ತೀನಿ.

ಕೋರ್ಟ್ ರೋಡ್ ವಕೀಲ (ಸಂಜೆ 7:45)

ಎಲ್ಲ ಓದಿದೆ. ಫಿಟ್ಟರ್ ತಮ್ಮನಿಗೆ ಗೊತ್ತಿರಬೇಕಾದ ಕೆಲವು ವಿಷಯ.

ಆ ಚಹಾ ಇದೆಯಲ್ಲ, ಅದು ಕಾನೂನಿನಲ್ಲಿ ಬರೆದಿದೆ. ತಮಾಷೆ ಅಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಮಾಲೀಕರು ಮಾಡಬಾರದ ಕೆಲಸಗಳ ಪಟ್ಟಿ ಇತ್ತು. ಕೆಲಸಗಾರರು ಸಂಘ ಕಟ್ಟುವ ಹೊತ್ತಿನಲ್ಲಿ, ಅದನ್ನು ಮುರಿಯಲೆಂದೇ ಪಗಾರ ಏರಿಸುವುದು ಆ ಪಟ್ಟಿಯಲ್ಲಿತ್ತು. ಹೊಸ ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲೂ ಈ ಮಾತು ಉಳಿದಿದೆ. ಸಾಬೀತು ಮಾಡುವುದು ಕಷ್ಟ. ಚಹಾ ಕುಡಿಯುವಾಗ ಸಾಕ್ಷಿ ಯಾರೂ ಇರುವುದಿಲ್ಲ. ಆದರೆ ಒಂದು ಯೋಚನೆ ಮಾಡು. ಸಂಘದ ಆ ಹೆಸರಿನ ಪಟ್ಟಿ ಇಲ್ಲದಿದ್ದರೆ ನಿನಗೆ ಈ 1,500 ಬರುತ್ತಿತ್ತಾ? ಐದು ವರ್ಷ ಕೈಗುಣ ಕಾಣಲಿಲ್ಲ, 60 ಹೆಸರು ಬಂದ ಮೇಲೆ ಕಂಡಿತು.

ನೋಂದಣಿಗೆ 7 ಜನ ಸಹಿ ಮಾಡಿ ಅರ್ಜಿ ಹಾಕಬೇಕು. ಜೊತೆಗೆ ಅಲ್ಲಿನ ಕೆಲಸಗಾರರಲ್ಲಿ 10% ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಅದು ನಿಮಗೆ ದೊಡ್ಡದಲ್ಲ. ಗಂಟು ಇರುವುದು ಮುಂದೆ. ಹೊಸ ಸಂಹಿತೆಯಲ್ಲಿ ಮಸ್ಟರ್ ರೋಲ್‌ನ (ಕೆಲಸಗಾರರ ಹಾಜರಿ ಪಟ್ಟಿಯ) 51% ಕೆಲಸಗಾರರು ಯಾವ ಯೂನಿಯನ್ ಜೊತೆ ಇದ್ದಾರೋ ಅದು ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟು ಇಲ್ಲದಿದ್ದರೆ 20% ಇರುವ ಯೂನಿಯನ್‌ಗಳು ಸೇರಿ ಒಂದು ಮಂಡಳಿ ಆಗುತ್ತದೆ. ಆದರೆ ಯಾರ ಮಸ್ಟರ್ ರೋಲ್? ನಿನ್ನ ಹೆಸರು ಇರುವುದು ಕಂಟ್ರಾಕ್ಟರ್ ಮಸ್ಟರ್‌ನಲ್ಲಿ. ದುಡ್ಡು ಇರುವುದು ಕಾರ್ಖಾನೆ ಹತ್ತಿರ. ಕಂಟ್ರಾಕ್ಟರ್ ಜೊತೆ ಒಪ್ಪಂದ ಮಾಡಿದರೆ, ಮುಂದಿನ ಟೆಂಡರ್‌ನಲ್ಲಿ ಅವನೇ ಹೋಗಿಬಿಟ್ಟರೆ ಆ ಕಾಗದ ಹಿಡಿದು ಎಲ್ಲಿಗೆ ಹೋಗುತ್ತೀರಿ?

ಇನ್ನು ಪರ್ಮನೆಂಟ್ ಆಗುವ ಆಸೆ ಯಾರಾದರೂ ಹಚ್ಚಿದರೆ ಹುಷಾರು. 2001ರ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಗುತ್ತಿಗೆ ಪದ್ಧತಿ ರದ್ದಾದರೂ ಕೆಲಸಗಾರ ತಾನಾಗಿ ಕಾರ್ಖಾನೆಯ ನೌಕರ ಆಗುವುದಿಲ್ಲ. ಕಂಟ್ರಾಕ್ಟರ್ ಪಗಾರ ಮುಳುಗಿಸಿದರೆ ಮಾತ್ರ ಕಾರ್ಖಾನೆಯೇ ಕೊಡಬೇಕು, ಅದು ಕಾನೂನು.

ಗಂಜ್ ಮುನೀಮ (ರಾತ್ರಿ 8:20)

ವಕೀಲ ಸಾಹೇಬರೇ, ಒಂದು ಸಣ್ಣ ಮಾತು ಸೇರಿಸುತ್ತೇನೆ. ತಮ್ಮಾ, ಆ 1,500 ಪಗಾರ ಚೀಟಿಯಲ್ಲಿ ಬರುತ್ತದಾ, ಕೈಯಲ್ಲಿ ಬರುತ್ತದಾ? ಪಿಎಫ್ ಅದರ ಮೇಲೂ ಕಟ್ಟುತ್ತಾರಾ? ಕೈಯಲ್ಲಿ ಕೊಟ್ಟದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ಲೆಕ್ಕ ಬರೆಯುವವನ ಮಾತು ಕೇಳು.

ಆಳಂದ ಮೊಮ್ಮಗ (ರಾತ್ರಿ 9:30)

ಇದು ನಮ್ಮ ಅಜ್ಜನ ಮಾತು. ಅವರು ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಕೆಳಗೆ "ನಾನು" ಅಂದರೆ ಅಜ್ಜ.

ನಾನು 18ನೇ ವಯಸ್ಸಿಗೆ ಆಳಂದ ತಾಲ್ಲೂಕಿನಿಂದ ಮುಂಬೈಗೆ ಹೋದವನು. ನಮ್ಮ ಊರಿನವರು ಲಾಲ್‌ಬಾಗ್ ಕಡೆ ಒಂದು ಖೋಲಿಯಲ್ಲಿ ಹದಿನಾಲ್ಕು ಜನ ಇದ್ದೆವು. ಪಾಳಿ ಮೇಲೆ ಮಲಗುವುದು. ಒಂದು ಗಿರಣಿಯಲ್ಲಿ ನಾನು ಬದಲಿ. ಬದಲಿ ಅಂದರೆ ಏನು ಗೊತ್ತೇನು ತಮ್ಮಾ? ಬೆಳಿಗ್ಗೆ ಕಾರ್ಡ್ ಹಿಡಿದು ಗೇಟಿನಲ್ಲಿ ನಿಲ್ಲಬೇಕು. ಪರ್ಮನೆಂಟ್ ಕೆಲಸಗಾರ ಬರದಿದ್ದರೆ ಅವನ ಮಗ್ಗ ನಿನಗೆ. ಬಂದರೆ ನೀನು ಮನೆಗೆ. ತಿಂಗಳಲ್ಲಿ ಹತ್ತು ದಿನ ಸಿಕ್ಕರೆ ಹಬ್ಬ. ನಿನ್ನ ಬೇರೆ ಬಣ್ಣದ ಪಾಸು ಅಂದಾಗ ನನಗೆ ಆ ಕಾರ್ಡ್ ನೆನಪಾಯಿತು.

1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ. ನಾಯಕರು ದತ್ತಾ ಸಾಮಂತ್ ಸಾಹೇಬರು. ಎಲ್ಲರೂ ಪಗಾರಕ್ಕೆ ಅಂದುಕೊಂಡಿದ್ದಾರೆ. ಪಗಾರಕ್ಕೂ ಹೌದು. ಬದಲಿಗಳನ್ನು ಪರ್ಮನೆಂಟ್ ಮಾಡಿ ಅನ್ನುವುದೂ ಅದರಲ್ಲಿ ಇತ್ತು, ಅದಕ್ಕೇ ನಾನು ನಿಂತದ್ದು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಬೇರೆ. ಅಲ್ಲಿನ 1946ರ ಕಾನೂನಿನ ಪ್ರಕಾರ ಗಿರಣಿಯವರ ಜೊತೆ ಮಾತಾಡುವ ಹಕ್ಕು ಒಂದೇ ಯೂನಿಯನ್‌ಗೆ ಇತ್ತು, ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ನಮ್ಮ ಮನಸ್ಸು ಅವರ ಜೊತೆ ಇರಲಿಲ್ಲ. ಆದರೂ ನಮ್ಮ ಹೆಸರಿನಲ್ಲಿ ಸಹಿ ಹಾಕುವವರು ಅವರೇ. ಯೂನಿಯನ್ ಇರಲಿಲ್ಲ ಅಂತ ನಾವು ಬೀದಿಗೆ ಬರಲಿಲ್ಲ ತಮ್ಮಾ. ಇದ್ದ ಯೂನಿಯನ್ ನಮ್ಮದಾಗಿರಲಿಲ್ಲ ಅಂತ ಬಂದೆವು.

ಸೋತೆವು. ಮುಷ್ಕರ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ, ಅದು ಹಾಗೇ ಕರಗಿಹೋಯಿತು. ಲಕ್ಷಕ್ಕೂ ಜಾಸ್ತಿ ಜನರ ಕೆಲಸ ಹೋಯಿತು. ಎಂಟು ತಿಂಗಳು ಕಾದು ನಾನು ಊರಿಗೆ ಬಂದೆ. ಕೈಯಲ್ಲಿ ಒಂದು ಟ್ರಂಕ್ ಇತ್ತು. ಆಮೇಲೆ ಹೊಲ ಮಾಡಿದೆ. ನನ್ನನ್ನು ಕೇಳಿದರೆ ಯೂನಿಯನ್ ಬೇಡ ಅಂತ ಹೇಳಬೇಕು, ಅಲ್ವಾ? ಮೊಮ್ಮಗನೂ ಹಾಗೇ ಅಂದುಕೊಂಡಿದ್ದ.

ನೀನು ಆ 60 ಜನರ ಹತ್ತಿರ ಹೋಗಿ ಒಂದು ಮಾತು ಕೇಳು. ನಾಳೆ ಒಪ್ಪಂದ ಬಂದರೆ ಸಹಿ ಹಾಕುವ ಮೊದಲು ನಮಗೆ ಓದಿ ಹೇಳುತ್ತೀರಾ? ಎಲ್ಲರನ್ನೂ ಕೂರಿಸಿ ಕನ್ನಡದಲ್ಲಿ ಓದುತ್ತೇವೆ ಅಂದರೆ ಹೋಗು. "ಅದೆಲ್ಲ ನಾಯಕರು ನೋಡಿಕೊಳ್ಳುತ್ತಾರೆ" ಅಂದರೆ ಮನೆಗೆ ಬಾ. ಮತ್ತೆ ಅವರು ಕೊಡುವ ಪೇಢೆ ತಿನ್ನು.

(ಅಜ್ಜ ಇಷ್ಟು ಹೇಳಿ ಮಲಗಿದರು. ಅವರ ಆ ಬದಲಿ ಕಾರ್ಡ್ ಇನ್ನೂ ಟ್ರಂಕ್‌ನಲ್ಲಿ ಇದೆ. ಇಂದು ತೆಗೆದು ತೋರಿಸಿದರು.)

ದಾಲ್ ಮಿಲ್ ಸಾವಕಾರ (ರಾತ್ರಿ 10:15)

ಅಜ್ಜನವರಿಗೆ ನಮಸ್ಕಾರ. ನನ್ನ ಮಾತು ನಾನು ಬಿಡುವುದಿಲ್ಲ, ಕೆಲಸ ಗೊತ್ತಿರುವವನಿಗೆ ಬೆಲೆ ಇದ್ದೇ ಇದೆ. ಆದರೆ ಮುನೀಮರು ಹೇಳಿದ ಹಾಗೆ ಬರಹದಲ್ಲಿ ತಗೊಳ್ಳಿ. ನಾನು ನನ್ನ ಹುಡುಗನಿಗೆ ಬರೆದು ಕೊಟ್ಟಿದ್ದೇನಾ ಅಂತ ಯಾರೂ ಕೇಳಬೇಡಿ.

ಸೇಡಂ ಫಿಟ್ಟರ್ (ಭಾನುವಾರ, ಮಧ್ಯಾಹ್ನ 12:30)

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಏನೂ ಬರೆಯಲಿಲ್ಲ, ಮಷೀನು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಇತ್ತು. ರಾತ್ರಿ ಪಾಳಿಯಲ್ಲಿ ನಾಲ್ಕು ಜನ ಒಂದು ಕಡೆ ಕೂತಿದ್ದೆವು. ಆಶಾ ಅಕ್ಕ ಹೇಳಿದ ಹಾಗೆ ತಡವಾಗಿ ಬರುವವನನ್ನು ಕೇಳಿದೆ. ಅವನು ಚಿತ್ತಾಪುರ ಕಡೆಯ ಹಳ್ಳಿಯಿಂದ ಬರುತ್ತಾನೆ. ಬೆಳಿಗ್ಗೆ ಇರುವುದು ಒಂದೇ ಬಸ್, ಅದೇ ತಡ. ನನಗೆ ಐದು ವರ್ಷ ಗೊತ್ತೇ ಇರಲಿಲ್ಲ.

ಅಜ್ಜನ ಪ್ರಶ್ನೆಯನ್ನೂ ಪಟ್ಟಿ ಮಾಡುವವರಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಮುಖ ಮುಖ ನೋಡಿದರು. ಮುಂದಿನ ಭಾನುವಾರ ಸಭೆ ಕರೆದು ಹೇಳುತ್ತೇವೆ ಅಂದರು. ಇನ್ನೂ ಹೆಸರು ಕೊಟ್ಟಿಲ್ಲ, ಸಭೆ ನೋಡಿ ಕೊಡುತ್ತೇನೆ.

ಆದರೆ ನಿಮಗೆ ಹೇಳಲೇಬೇಕಾದದ್ದು ಬೇರೆ ಇದೆ. ಅವತ್ತು ರಾತ್ರಿ ನನಗೆ ಬಂದ ಆಫರ್ ಬಗ್ಗೆ ಬಾಯಿ ಬಿಟ್ಟೆ. ಪಕ್ಕದವನು ಸುಮ್ಮನಾದ. ಆಮೇಲೆ ನಕ್ಕ. ಅವನಿಗೂ ಚಹಾ ಆಗಿದೆ. 1,500 ಜಾಸ್ತಿ, ಎರಡು ವರ್ಷದಲ್ಲಿ ಸೂಪರ್‌ವೈಸರ್. ವೆಲ್ಡರ್‌ಗೂ ಅಷ್ಟೇ. ಇಲ್ಲಿಯವರೆಗೆ ಎಣಿಸಿದರೆ ಐದು ಜನ ಆದೆವು. ನಮ್ಮ ಗ್ಯಾಂಗ್‌ನಲ್ಲಿ ಇರುವುದೇ ಹನ್ನೆರಡು ಜನ.

ದಾಲ್ ಮಿಲ್ ಸಾವಕಾರ (ಮಧ್ಯಾಹ್ನ 12:41)

ಹನ್ನೆರಡು ಜನರಿಗೆ ಐದು ಸೂಪರ್‌ವೈಸರಾ! ಅಷ್ಟು ದುಡ್ಡು ಎಲ್ಲಿಂದ ತರುತ್ತಾನಂತೆ? ಮೊದಲು ಬರೆದು ಕೊಡಲು ಹೇಳ್ರಿ.

ಸೇಡಂ ಫಿಟ್ಟರ್ (ಮಧ್ಯಾಹ್ನ 12:50)

ನಿನ್ನೆ ಆಫೀಸಿಗೆ ಹೋಗಿ ಅದನ್ನೇ ಕೇಳಿದೆ ಸಾವಕಾರರೇ. "ಅದನ್ನ ಆಮೇಲೆ ಮಾತಾಡೋಣ" ಅಂದರು. ಈ ಸಲ ಚಹಾ ತರಿಸಲಿಲ್ಲ.